ಚಾಲಕನಿಲ್ಲದ ಕಾರು, ಸೈಕಲ್ ಸವಾರ ಮತ್ತು ಹೊಣೆಯ ಖಾತೆ

ಕೋಣನಕುಂಟೆ ಕ್ರಾಸ್‌ನಲ್ಲಿ ಬೆಳಗಿನ ಆರು ಗಂಟೆಗೆ ನಿಂತು ನೋಡಿದರೆ ನಮ್ಮ ಭಾಗದ ವ್ಯಾಪಾರ ಎಲ್ಲಿಂದ ಆರಂಭವಾಗುತ್ತದೆ ಎಂಬುದು ತಿಳಿಯುತ್ತದೆ. ಅಂಗಡಿಗಳ ಬಾಗಿಲು ತೆರೆಯುವ ಮುನ್ನವೇ ಪತ್ರಿಕೆ ಹಾಕುವ ಹುಡುಗರು, ಹಾಲಿನ ಚೀಲ ತೂಗುಹಾಕಿಕೊಂಡವರು, ಹೂವಿನ ಬುಟ್ಟಿ ಕಟ್ಟಿಕೊಂಡವರು, ಮೊದಲ ಪಾಳಿಗೆ ಹೊರಟ ಕಾರ್ಮಿಕರು ಸೈಕಲ್ ಮೇಲೆ ಕನಕಪುರ ರಸ್ತೆಯನ್ನು ದಾಟುತ್ತಿರುತ್ತಾರೆ. 2021ರ ಜನವರಿಯಿಂದ ಇಲ್ಲಿ ತಲೆಯ ಮೇಲೆ ಮೆಟ್ರೊ ರೈಲು ಸಂಚರಿಸುತ್ತಿದೆ. ಕೆಳಗಿನ ರಸ್ತೆಯಲ್ಲಿ ಮಾತ್ರ ಬಸ್ಸು, ಲಾರಿ, ಕಾರು, ಆಟೊ, ಸೈಕಲ್ ಎಲ್ಲವೂ ಒಂದೇ ಜಾಗಕ್ಕಾಗಿ ಪೈಪೋಟಿ ನಡೆಸುತ್ತವೆ.

ಕೆಲವು ತಿಂಗಳ ಹಿಂದೆ ನನ್ನ ಕಕ್ಷಿದಾರರೊಬ್ಬರು, ವಾಹನಗಳಿಗೆ ಬಿಡಿಭಾಗ ತಯಾರಿಸುವ ಸಣ್ಣ ಘಟಕದ ಮಾಲೀಕರು, ಲೆಕ್ಕ ಪರಿಶೋಧನೆಯ ನಡುವೆ ಒಂದು ಪ್ರಶ್ನೆ ಕೇಳಿದರು: “ಸಾರ್, ಹೊಸದಾಗಿ ಕೊಂಡ ಕಾರು ತಾನೇ ಬ್ರೇಕ್ ಹಾಕುತ್ತದೆ, ತಾನೇ ಲೇನ್ ಹಿಡಿಯುತ್ತದೆ. ನಾಳೆ ಅದು ಬ್ರೇಕ್ ಹಾಕದೆ ಸೈಕಲ್‌ನವನಿಗೆ ತಗುಲಿದರೆ ಅದರ ಖರ್ಚು ಯಾರ ಖಾತೆಗೆ?” ಪ್ರಶ್ನೆ ಸರಳವಾಗಿತ್ತು. ಉತ್ತರ ಅಷ್ಟು ಸರಳವಾಗಿರಲಿಲ್ಲ. ಆ ಉತ್ತರವನ್ನು ಸದಸ್ಯ ಮಿತ್ರರ ಮುಂದೆ ಸಾಧ್ಯವಾದಷ್ಟು ಸ್ಪಷ್ಟವಾಗಿ ಇಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಲೆಕ್ಕ ಬರೆಯುವಾಗ ಯಾವ ಖಾತೆಗೆ ಸೇರಿಸಬೇಕೆಂದು ಗೊತ್ತಾಗದ ಮೊತ್ತವನ್ನು ನಾವು ಅನಾಮತ್ತು ಖಾತೆಗೆ, ಅಂದರೆ ಆಫೀಸುಗಳಲ್ಲಿ ‘ಸಸ್ಪೆನ್ಸ್’ ಎನ್ನುವ ಖಾತೆಗೆ ಬರೆದಿಡುತ್ತೇವೆ. ಅದು ತಾತ್ಕಾಲಿಕ ವ್ಯವಸ್ಥೆ. ವರ್ಷಾಂತ್ಯದೊಳಗೆ ಆ ಮೊತ್ತ ಹೆಸರುಳ್ಳ ಒಂದು ಖಾತೆಗೆ ಹೋಗಲೇಬೇಕು. ಚಾಲಕನಿಲ್ಲದ ವಾಹನವು ಮಾಡುವ ಹಾನಿಯ ಹೊಣೆ ಇಂದು ಬಹುಪಾಲು ಅನಾಮತ್ತು ಖಾತೆಯಲ್ಲಿಯೇ ಇದೆ. ಯಂತ್ರಕ್ಕೆ ಚುಕ್ಕಾಣಿಯನ್ನು ಒಪ್ಪಿಸಬಹುದು, ಹೊಣೆಯನ್ನು ಒಪ್ಪಿಸಲಾಗದು. ಆ ಹೊಣೆ ಯಾರ ಹೆಸರಿನಲ್ಲಿದೆ ಎಂಬುದು ವಾಹನ ರಸ್ತೆಗಿಳಿಯುವ ಮೊದಲೇ ನಿರ್ಧಾರವಾಗಬೇಕು.

ಪ್ರಶ್ನೆ ದೂರದ್ದಲ್ಲ

ವಾಹನಗಳ ಸ್ವಯಂಚಾಲನೆಯನ್ನು ಅಂತಾರಾಷ್ಟ್ರೀಯವಾಗಿ ಸೊನ್ನೆಯಿಂದ ಐದರವರೆಗೆ ಆರು ಹಂತಗಳಲ್ಲಿ ಗುರುತಿಸಲಾಗುತ್ತದೆ. ಸೊನ್ನೆಯ ಹಂತದಲ್ಲಿ ಚಾಲನೆ ಪೂರ್ತಿಯಾಗಿ ಮನುಷ್ಯನದು. ಎರಡನೆಯ ಹಂತದಲ್ಲಿ ಕಾರು ವೇಗವನ್ನೂ ದಿಕ್ಕನ್ನೂ ನಿಯಂತ್ರಿಸಬಲ್ಲದು, ಆದರೆ ಚಾಲಕನು ಸದಾ ರಸ್ತೆಯ ಮೇಲೆ ಕಣ್ಣಿಟ್ಟಿರಬೇಕು. ಮೂರನೆಯ ಹಂತದಲ್ಲಿ ನಿರ್ದಿಷ್ಟ ಸನ್ನಿವೇಶಗಳಲ್ಲಿ ಚಾಲನೆಯನ್ನು ಯಂತ್ರವೇ ವಹಿಸಿಕೊಂಡು, ಅಗತ್ಯಬಿದ್ದಾಗ ಮನುಷ್ಯನನ್ನು ಕರೆಯುತ್ತದೆ. ನಾಲ್ಕು ಮತ್ತು ಐದನೆಯ ಹಂತಗಳಲ್ಲಿ ಚಾಲಕನ ಆಸನ ಖಾಲಿ ಇದ್ದರೂ ನಡೆಯುತ್ತದೆ.

ನಮ್ಮ ಕನಕಪುರ ರಸ್ತೆಯಲ್ಲಿ ಇಂದು ಓಡಾಡುತ್ತಿರುವ ಅನೇಕ ಹೊಸ ಕಾರುಗಳು ಎರಡನೆಯ ಹಂತದವು. ಅದಕ್ಕೂ ಮೇಲಿನ ಹಂತದ ಪ್ರಯತ್ನಗಳು ಬೆಂಗಳೂರಿನಲ್ಲಿಯೇ ನಡೆಯುತ್ತಿವೆ. ನಗರದ ಮೈನಸ್ ಝೀರೊ ಎಂಬ ಕಂಪನಿಯು 2023ರಲ್ಲಿ ‘ಝೀಪಾಡ್’ ಎಂಬ ಸ್ವಯಂಚಾಲಿತ ವಾಹನದ ಮಾದರಿಯನ್ನು ಪ್ರದರ್ಶಿಸಿತು. ವಿಪ್ರೊ, ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಮೈಸೂರು ರಸ್ತೆಯ ಆರ್.ವಿ. ಇಂಜಿನಿಯರಿಂಗ್ ಕಾಲೇಜು ಕೂಡಿ ರೂಪಿಸಿದ ‘ವಿರಿನ್’ ಎಂಬ ಚಾಲಕರಹಿತ ಕಾರಿನ ಮಾದರಿ 2025ರ ಅಕ್ಟೋಬರ್‌ನಲ್ಲಿ ಕಾಲೇಜಿನ ಆವರಣದಲ್ಲಿ ಸಂಚರಿಸಿದ್ದನ್ನು ಅನೇಕರು ನೋಡಿರಬಹುದು. ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು 2017ರಲ್ಲಿಯೂ ಮತ್ತೆ 2023ರಲ್ಲಿಯೂ, ಚಾಲಕರ ಉದ್ಯೋಗಕ್ಕೆ ಧಕ್ಕೆಯಾಗುವುದರಿಂದ ಇಂತಹ ಕಾರುಗಳಿಗೆ ಭಾರತದಲ್ಲಿ ಅವಕಾಶ ನೀಡುವುದಿಲ್ಲವೆಂದು ಹೇಳಿದ್ದರು.

ಆದರೂ 2019ರ ತಿದ್ದುಪಡಿಯ ಮೂಲಕ ಮೋಟಾರು ವಾಹನ ಕಾಯಿದೆಗೆ ಸೇರಿದ ಕಲಂ 2ಬಿ ಗಮನಿಸತಕ್ಕದ್ದು. ನಾವೀನ್ಯ ಮತ್ತು ಸಂಶೋಧನೆಯನ್ನು ಉತ್ತೇಜಿಸುವ ಸಲುವಾಗಿ ಕೆಲವು ಬಗೆಯ ವಾಹನಗಳಿಗೆ ಕಾಯಿದೆಯ ಉಪಬಂಧಗಳಿಂದ ವಿನಾಯಿತಿ ನೀಡುವ ಅಧಿಕಾರವನ್ನು ಅದು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಅಂದರೆ ಸಚಿವರ ಮಾತು ಇಂದಿನ ನೀತಿಯಾಗಿದ್ದರೂ ಕಾನೂನಿನ ಬಾಗಿಲು ಪೂರ್ತಿ ಮುಚ್ಚಿಲ್ಲ.

ಟೆಂಪೆ ನಗರದ ಪ್ರಕರಣ

ಈ ವಿಷಯದಲ್ಲಿ ಜಗತ್ತು ಮೊದಲ ಪಾಠ ಕಲಿತದ್ದು ಒಂದು ಸೈಕಲ್ಲಿನಿಂದಲೇ. 2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಅರಿಝೋನ ರಾಜ್ಯದ ಟೆಂಪೆ ನಗರದಲ್ಲಿ 49 ವರ್ಷದ ಮಹಿಳೆಯೊಬ್ಬರು ಸೈಕಲ್ಲನ್ನು ತಳ್ಳಿಕೊಂಡು ರಸ್ತೆ ದಾಟುತ್ತಿದ್ದರು. ಊಬರ್ ಕಂಪನಿಯ ಪರೀಕ್ಷಾರ್ಥ ಕಾರು ಸ್ವಯಂಚಾಲನೆಯಲ್ಲಿದ್ದಾಗ ಅವರಿಗೆ ಡಿಕ್ಕಿ ಹೊಡೆಯಿತು. ಅವರು ಮೃತಪಟ್ಟರು. ಚಾಲಕರ ಆಸನದಲ್ಲಿ ಮೇಲ್ವಿಚಾರಣೆಗೆಂದು ಒಬ್ಬ ಉದ್ಯೋಗಿ ಇದ್ದರು.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು 2019ರ ನವೆಂಬರ್‌ನಲ್ಲಿ ಪ್ರಕಟಿಸಿದ ತನಿಖೆಯ ಫಲಿತಾಂಶ ನಮ್ಮಂತಹವರಿಗೂ ಅರ್ಥವಾಗುವಷ್ಟು ವಿವರವಾಗಿದೆ. ಡಿಕ್ಕಿಗೆ 5.6 ಸೆಕೆಂಡುಗಳ ಮೊದಲೇ ಕಾರಿನ ರಾಡಾರ್ ಎದುರಿನಲ್ಲಿ ಏನೋ ಇದೆಯೆಂದು ಕಂಡುಕೊಂಡಿತ್ತು. ಆದರೆ ಅದು ಏನೆಂದು ತೀರ್ಮಾನಿಸಲು ತಂತ್ರಾಂಶಕ್ಕೆ ಆಗಲಿಲ್ಲ. ಒಮ್ಮೆ ವಾಹನ, ಒಮ್ಮೆ ಬೇರೆ ವಸ್ತು, ಒಮ್ಮೆ ಸೈಕಲ್ ಎಂದು ಹೆಸರು ಬದಲಿಸುತ್ತಾ ಹೋಯಿತು. ಪ್ರತಿ ಸಲ ಹೆಸರು ಬದಲಾದಾಗಲೂ ಆ ವಸ್ತು ಅದುವರೆಗೆ ಚಲಿಸಿದ ದಾರಿಯ ದಾಖಲೆಯನ್ನು ಬದಿಗಿಟ್ಟು ಲೆಕ್ಕವನ್ನು ಹೊಸದಾಗಿ ಆರಂಭಿಸಿತು. ಹಿಂದಿನ ಪುಟದ ಬಾಕಿಯನ್ನು ಮುಂದಿನ ಪುಟಕ್ಕೆ ತರದ ಗುಮಾಸ್ತನ ಹಾಗೆ! ಕಾಲುದಾರಿಯ ಗೆರೆಗಳಿಲ್ಲದ ಕಡೆ ಮನುಷ್ಯರು ರಸ್ತೆ ದಾಟಬಹುದೆಂಬ ಸಾಧ್ಯತೆಯೇ ಆ ತಂತ್ರಾಂಶದ ಎಣಿಕೆಯಲ್ಲಿ ಇರಲಿಲ್ಲ. ಕಾರು ತಯಾರಕರೇ ಅಳವಡಿಸಿದ್ದ ತುರ್ತು ಬ್ರೇಕ್ ವ್ಯವಸ್ಥೆಯು ಸ್ವಯಂಚಾಲನೆಯ ವೇಳೆ ನಿಷ್ಕ್ರಿಯವಾಗಿರುವಂತೆ ಏರ್ಪಾಡು ಮಾಡಲಾಗಿತ್ತು. ಮೇಲ್ವಿಚಾರಕರ ಗಮನ ಮೊಬೈಲ್ ಪರದೆಯ ಮೇಲಿತ್ತು.

ಇನ್ನು ಹೊಣೆಯ ವಿಷಯ. ಮೇಲ್ವಿಚಾರಕರು ರಸ್ತೆಯನ್ನು ಗಮನಿಸದೆ ಇದ್ದುದೇ ಸಂಭವನೀಯ ಕಾರಣವೆಂದು ಮಂಡಳಿ ಹೇಳಿತು. ಅದರ ಜೊತೆಗೆ ಕಂಪನಿಯ ಸುರಕ್ಷತಾ ವ್ಯವಸ್ಥೆ ಮತ್ತು ಉದ್ಯೋಗಿಗಳ ಮೇಲಿನ ನಿಗಾ ಸಾಲದಾಗಿದ್ದವೆಂದೂ, ರಾಜ್ಯದ ಸಾರಿಗೆ ಇಲಾಖೆಯ ಮೇಲುಸ್ತುವಾರಿ ಸಾಲದಾಗಿತ್ತೆಂದೂ ಹೇಳಿತು. ಆದರೆ 2019ರ ಮಾರ್ಚ್‌ನಲ್ಲಿ, ಕಂಪನಿಯ ಮೇಲೆ ಕ್ರಿಮಿನಲ್ ಹೊಣೆ ಹೊರಿಸಲು ಆಧಾರವಿಲ್ಲವೆಂದು ಅಲ್ಲಿನ ಸರ್ಕಾರಿ ಅಭಿಯೋಜಕರು ತೀರ್ಮಾನಿಸಿದ್ದರು. ಕಂಪನಿಯು ಮೃತರ ಕುಟುಂಬದೊಂದಿಗೆ ಬಹಿರಂಗಪಡಿಸದ ಷರತ್ತುಗಳ ಮೇಲೆ ರಾಜಿ ಮಾಡಿಕೊಂಡಿತ್ತು. 2023ರ ಜುಲೈನಲ್ಲಿ ಮೇಲ್ವಿಚಾರಕ ಉದ್ಯೋಗಿ ಅಪಾಯಕ್ಕೆ ಒಡ್ಡಿದ ಅಪರಾಧವನ್ನು ಒಪ್ಪಿಕೊಂಡು ಮೂರು ವರ್ಷಗಳ ಪರಿವೀಕ್ಷಣೆಯ ಶಿಕ್ಷೆಗೆ ಒಳಗಾದರು. ತಪ್ಪಿನ ಪಟ್ಟಿಯಲ್ಲಿ ಹಲವು ಹೆಸರುಗಳಿದ್ದವು, ಶಿಕ್ಷೆ ಮಾತ್ರ ಎಲ್ಲರಿಗಿಂತ ಕಡಿಮೆ ಸಂಬಳದ ವ್ಯಕ್ತಿಯ ಹೆಸರಿಗೆ ಖರ್ಚಾಯಿತು.

ಸೈಕಲ್ ಏಕೆ ಕಠಿಣ?

ಯಂತ್ರದ ದೃಷ್ಟಿಯಲ್ಲಿ ಸೈಕಲ್ ಒಂದು ಇಕ್ಕಟ್ಟಿನ ವಸ್ತು. ಅದು ತೆಳ್ಳಗೆ ಇರುತ್ತದೆ, ಬೇಗ ದಿಕ್ಕು ಬದಲಿಸುತ್ತದೆ, ದೊಡ್ಡ ವಾಹನಗಳ ಮರೆಯಲ್ಲಿ ಸುಲಭವಾಗಿ ಕಾಣೆಯಾಗುತ್ತದೆ. 2024ರ ಫೆಬ್ರುವರಿ 6ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರದ ಒಂದು ಕೂಡುರಸ್ತೆಯಲ್ಲಿ ವೇಮೊ ಕಂಪನಿಯ ಚಾಲಕರಹಿತ ಕಾರು ಸೈಕಲ್ ಸವಾರನೊಬ್ಬನಿಗೆ ತಗುಲಿತು. ಎದುರಿನಿಂದ ಬಂದ ಟ್ರಕ್ಕಿನ ಹಿಂದೆ ಸೈಕಲ್ ಇತ್ತು. ಟ್ರಕ್ಕು ಮುಂದೆ ಸಾಗಿತೆಂದು ಕಾರು ಹೊರಟಿತು. ಮರೆಯಲ್ಲಿದ್ದ ಸೈಕಲ್ ಕಂಡ ಕೂಡಲೇ ಬ್ರೇಕ್ ಹಾಕಿದರೂ ಡಿಕ್ಕಿ ತಪ್ಪಲಿಲ್ಲವೆಂದು ಕಂಪನಿ ತಿಳಿಸಿತು. ಸವಾರನಿಗೆ ಸಣ್ಣ ಪೆಟ್ಟಾಯಿತು. ನಮ್ಮ ಕ್ರಾಸ್‌ನಲ್ಲಿ ಬಿಎಂಟಿಸಿ ಬಸ್ಸಿನ ಹಿಂದೆ ಒಂದಲ್ಲ, ನಾಲ್ಕು ಸೈಕಲ್ಲುಗಳು ಇರುತ್ತವೆ. ಚುಂಚಘಟ್ಟ ರಸ್ತೆಯ ಕಡೆಗೆ ತಿರುಗುವವನು ಕೈ ತೋರಿಸಿಯೂ ತಿರುಗಬಹುದು, ತೋರಿಸದೆಯೂ ತಿರುಗಬಹುದು. ಒಬ್ಬನ ಸೈಕಲ್ಲಿನಲ್ಲಿ ಎರಡೂ ಬದಿಗೆ ಪ್ಲಾಸ್ಟಿಕ್ ಕೊಡಗಳು, ಇನ್ನೊಬ್ಬನದರಲ್ಲಿ ಎಳನೀರಿನ ಗೊನೆ. ಟೆಂಪೆಯ ಯಂತ್ರ ಸಾದಾ ಸೈಕಲ್ಲನ್ನೇ ಮೂರು ಬಗೆಯಾಗಿ ಹೆಸರಿಸಿತೆಂಬುದನ್ನು ಇಲ್ಲಿ ನೆನೆಯಬೇಕು.

ಹಾಗೆಂದು ತಂತ್ರಜ್ಞಾನವನ್ನು ಹಳಿಯುವುದು ನನ್ನ ಉದ್ದೇಶವಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಮೃತಪಟ್ಟರು. ಅವರಲ್ಲಿ 32,825 ಮಂದಿ ಪಾದಚಾರಿಗಳು. ಇವೆಲ್ಲ ಮನುಷ್ಯರೇ ಚಾಲನೆ ಮಾಡಿದ ವಾಹನಗಳ ಲೆಕ್ಕ. ಯಂತ್ರ ಕುಡಿಯುವುದಿಲ್ಲ, ನಿದ್ದೆಗಣ್ಣಿನಲ್ಲಿ ಓಡಿಸುವುದಿಲ್ಲ, ಸಿಟ್ಟಿನಿಂದ ಹಾರ್ನ್ ಒತ್ತುವುದಿಲ್ಲ. ಅದು ಒಟ್ಟು ಸಾವುಗಳನ್ನು ತಗ್ಗಿಸಲೂಬಹುದು. ಆದರೆ ಒಟ್ಟು ಲಾಭ ಬಂದಿತೆಂಬ ಕಾರಣಕ್ಕೆ ಒಬ್ಬ ಸಾಲಗಾರನ ಬಾಕಿಯನ್ನು ನಾವು ಮನ್ನಾ ಮಾಡುವುದಿಲ್ಲ. ಹಾಗೆಯೇ ಸರಾಸರಿ ಸುಧಾರಿಸಿತೆಂಬ ಕಾರಣಕ್ಕೆ ಪೆಟ್ಟು ತಿಂದ ಒಬ್ಬ ಸೈಕಲ್ ಸವಾರನ ಲೆಕ್ಕ ಚುಕ್ತಾ ಆಗುವುದಿಲ್ಲ.

ನಮ್ಮ ಕಾನೂನಿನಲ್ಲಿ ಸವಾರನಿಗೆ ಏನಿದೆ?

ಸೈಕಲ್ ಮೋಟಾರು ವಾಹನವಲ್ಲ. ಅದಕ್ಕೆ ನೋಂದಣಿಯಿಲ್ಲ, ಕಡ್ಡಾಯ ವಿಮೆಯಿಲ್ಲ. ಆದ್ದರಿಂದ ಪೆಟ್ಟಾದಾಗ ಸವಾರನು ಎದುರಿನ ವಾಹನದ ವಿಮೆಯನ್ನೇ ಅವಲಂಬಿಸಬೇಕು. ಮೋಟಾರು ವಾಹನ ಕಾಯಿದೆ, 1988ರ ಕಲಂ 146ರಂತೆ ಸಾರ್ವಜನಿಕ ಸ್ಥಳದಲ್ಲಿ ಬಳಸುವ ಪ್ರತಿ ಮೋಟಾರು ವಾಹನಕ್ಕೂ ತೃತೀಯ ವ್ಯಕ್ತಿಯ ವಿಮೆ ಕಡ್ಡಾಯ. ಪರಿಹಾರ ಪಡೆಯಲು ಎರಡು ದಾರಿಗಳಿವೆ.

ಮೊದಲನೆಯದು ಕಲಂ 164. ಇದರಂತೆ ಮರಣವಾದರೆ 5 ಲಕ್ಷ ರೂಪಾಯಿ, ತೀವ್ರ ಗಾಯವಾದರೆ 2.5 ಲಕ್ಷ ರೂಪಾಯಿಯನ್ನು ಮಾಲೀಕನು ಅಥವಾ ವಿಮಾದಾರನು ಕೊಡಬೇಕು. ಯಾರದು ತಪ್ಪೆಂದು ಸಾಬೀತುಪಡಿಸುವ ಅಗತ್ಯವಿಲ್ಲ. ಎರಡನೆಯದು ಕಲಂ 166ರಂತೆ ನ್ಯಾಯಮಂಡಳಿಗೆ ಅರ್ಜಿ. ಇಲ್ಲಿ ವಯಸ್ಸು, ಆದಾಯ, ಅವಲಂಬಿತರ ಸಂಖ್ಯೆ ಇತ್ಯಾದಿಗಳನ್ನು ನೋಡಿ ಹೆಚ್ಚಿನ ಪರಿಹಾರ ಸಿಗಬಹುದು. ಆದರೆ ಸಾಮಾನ್ಯವಾಗಿ ಚಾಲಕನ ನಿರ್ಲಕ್ಷ್ಯವನ್ನು ತೋರಿಸಬೇಕಾಗುತ್ತದೆ. ಮೊದಲನೆಯ ದಾರಿಯಲ್ಲಿ ಹಣ ಸ್ವೀಕರಿಸಿದರೆ ಎರಡನೆಯ ಅರ್ಜಿ ಬಿದ್ದುಹೋಗುತ್ತದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ.

ತೊಡಕು ಇರುವುದು ಇಲ್ಲಿಯೇ. ಚಾಲಕನೇ ಇಲ್ಲದ ವಾಹನದಲ್ಲಿ ಯಾರ ನಿರ್ಲಕ್ಷ್ಯವನ್ನು ತೋರಿಸುವುದು? ಈ ಪ್ರಶ್ನೆಗೆ ಸ್ವಲ್ಪ ಬೆಳಕು ಚೆಲ್ಲುವ ತೀರ್ಪೊಂದು ನಮ್ಮಲ್ಲಿದೆ. ಜೀಪೊಂದರ ಮುಂದಿನ ಟೈರು ಒಡೆದು, ಅದು ಉರುಳಿ ರಸ್ತೆಯಲ್ಲಿದ್ದ ಒಬ್ಬರು ಮೃತಪಟ್ಟಿದ್ದರು. ಚಾಲಕನ ತಪ್ಪಿಲ್ಲವೆಂದು ಕೆಳಗಿನ ಹಂತಗಳಲ್ಲಿ ಪರಿಹಾರ ನಿರಾಕರಿಸಲಾಗಿತ್ತು. 2001ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೌಶ್ನುಮಾ ಬೇಗಂ ಪ್ರಕರಣದಲ್ಲಿ ಆ ನಿಲುವನ್ನು ಒಪ್ಪಲಿಲ್ಲ. ಇಂಗ್ಲೆಂಡಿನ ಹಳೆಯ ರೈಲ್ಯಾಂಡ್ಸ್–ಫ್ಲೆಚರ್ ಪ್ರಕರಣದ ಕಟ್ಟುನಿಟ್ಟಿನ ಹೊಣೆಗಾರಿಕೆಯ ತತ್ತ್ವವನ್ನು ಮೋಟಾರು ಅಪಘಾತಕ್ಕೂ ಅನ್ವಯಿಸಿ, ನಿರ್ಲಕ್ಷ್ಯ ಇಲ್ಲದಿದ್ದರೂ ಪರಿಹಾರ ಕೊಡಬೇಕೆಂದಿತು. ಟೈರಿನ ದೋಷಕ್ಕೆ ಅನ್ವಯಿಸಿದ ನ್ಯಾಯ ತಂತ್ರಾಂಶದ ದೋಷಕ್ಕೆ ಏಕೆ ಅನ್ವಯಿಸಬಾರದು ಎಂಬ ವಾದಕ್ಕೆ ಇಲ್ಲಿ ಗಟ್ಟಿಯಾದ ನೆಲೆಯಿದೆ ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ಪೆಟ್ಟು ತಿಂದವನಿಗೆ ಹಣ ಕೊಡುವ ವಿಷಯದಲ್ಲಿ ನಮ್ಮ ಕಾನೂನು ತೀರ ಬರಿಗೈಯಲ್ಲಿಲ್ಲ. ಮಾಲೀಕ ಮತ್ತು ಅವನ ವಿಮಾ ಕಂಪನಿ ಮೊದಲ ಸಾಲಿನಲ್ಲಿ ನಿಲ್ಲುತ್ತಾರೆ. ಕಕ್ಷಿದಾರರ ಪ್ರಶ್ನೆಗೆ ಮೊದಲ ಉತ್ತರವೂ ಇದೇ: ಎರಡನೆಯ ಹಂತದ ಕಾರಿನಲ್ಲಿ ಚಾಲಕ ಚಾಲಕನೇ, ಮಾಲೀಕ ಮಾಲೀಕನೇ. “ಕಾರು ಬ್ರೇಕ್ ಹಾಕಲಿಲ್ಲ” ಎಂಬುದು ಇಬ್ಬರಿಗೂ ರಕ್ಷಣೆಯಾಗದು.

ಅನಾಮತ್ತು ಖಾತೆಯಲ್ಲಿ ಉಳಿದದ್ದು

ಮಾಲೀಕನ ಹಿಂದೆ ಯಾರು ನಿಲ್ಲುತ್ತಾರೆ ಎಂಬುದು ಇನ್ನೂ ಅಸ್ಪಷ್ಟವಾಗಿದೆ. ಮುಖ್ಯವಾಗಿ ನಾಲ್ಕು ಬಾಕಿಗಳನ್ನು ಇಲ್ಲಿ ಹೆಸರಿಸಬಹುದು.

ಒಂದು, ಅಪರಾಧದ ಹೊಣೆ. ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 106(1) ನಿರ್ಲಕ್ಷ್ಯದ ಕೃತ್ಯದಿಂದ ಮರಣ ಉಂಟುಮಾಡಿದ ವ್ಯಕ್ತಿಗೆ ಐದು ವರ್ಷಗಳವರೆಗಿನ ಶಿಕ್ಷೆಯನ್ನು ಹೇಳುತ್ತದೆ. ಖಾಲಿ ಆಸನವನ್ನು ಕಟಕಟೆಗೆ ಕರೆಯಲಾಗದು.

ಎರಡು, ನೆರವಿನ ಹೊಣೆ. ಅಪಘಾತವಾದಾಗ ಗಾಯಾಳುವಿಗೆ ವೈದ್ಯಕೀಯ ನೆರವು ಕೊಡಿಸುವ ಕರ್ತವ್ಯವನ್ನು ಮೋಟಾರು ವಾಹನ ಕಾಯಿದೆಯ ಕಲಂ 134 ಚಾಲಕನ ಅಥವಾ ವಾಹನದ ಉಸ್ತುವಾರಿಯಲ್ಲಿರುವವನ ಮೇಲೆ ಹೊರಿಸುತ್ತದೆ. ವಾಹನದಲ್ಲಿ ಯಾರೂ ಇಲ್ಲದಿದ್ದರೆ ಬೆಳಗಿನ ಜಾವದ ರಸ್ತೆಯಲ್ಲಿ ಬಿದ್ದವನನ್ನು ಎತ್ತುವವರು ಯಾರು? ಈ ಪ್ರಶ್ನೆಗೆ ಹಣದ ಲೆಕ್ಕದಲ್ಲಿ ಉತ್ತರವಿಲ್ಲ.

ಮೂರು, ತಯಾರಕನ ಹೊಣೆ. ಗ್ರಾಹಕ ಸಂರಕ್ಷಣಾ ಕಾಯಿದೆ, 2019ರಲ್ಲಿ ಉತ್ಪನ್ನ ಹೊಣೆಗಾರಿಕೆಗೆಂದೇ ಒಂದು ಅಧ್ಯಾಯವಿದೆ. ಆದರೆ ಅದು ದೋಷಯುಕ್ತ ಉತ್ಪನ್ನದಿಂದ ಗ್ರಾಹಕನಿಗೆ ಆದ ಹಾನಿಯನ್ನು ಕುರಿತದ್ದು. ಕಾರು ಕೊಂಡವನು ಗ್ರಾಹಕ. ಅದರ ಕೆಳಗೆ ಸಿಕ್ಕ ಸೈಕಲ್ ಸವಾರನು ಅದನ್ನು ಕೊಂಡವನಲ್ಲ.

ನಾಲ್ಕು, ದಾಖಲೆಯ ಹೊಣೆ. ಅಪಘಾತದ ಕ್ಷಣದಲ್ಲಿ ಕಾರು ಏನನ್ನು ಕಂಡಿತು, ಯಾವ ತಂತ್ರಾಂಶದಿಂದ ನಡೆಯುತ್ತಿತ್ತು ಎಂಬ ಮಾಹಿತಿ ತಯಾರಕನ ಕೈಯಲ್ಲಿರುತ್ತದೆ. ಸಾಮಾನ್ಯ ಸರಕು ಮಾರಾಟವಾದ ದಿನ ಹೇಗಿತ್ತೋ ಹಾಗೆಯೇ ಇರುತ್ತದೆ. ಈ ಸರಕಾದರೋ ಮಾರಾಟವಾದ ಮೇಲೂ ರಾತ್ರೋರಾತ್ರಿ ತಂತ್ರಾಂಶದ ಮೂಲಕ ಬದಲಾಗುತ್ತಿರುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2023ರ ಅಕ್ಟೋಬರ್ 2ರಂದು, ಬೇರೊಂದು ಕಾರು ಡಿಕ್ಕಿ ಹೊಡೆದು ಎಸೆದ ಪಾದಚಾರಿಯೊಬ್ಬರನ್ನು ಕ್ರೂಸ್ ಕಂಪನಿಯ ಚಾಲಕರಹಿತ ಕಾರು ಸುಮಾರು 20 ಅಡಿ ಎಳೆದುಕೊಂಡು ಹೋಯಿತು. ಎಳೆದ ಸಂಗತಿಯನ್ನು ಅಧಿಕಾರಿಗಳಿಗೆ ಪೂರ್ಣವಾಗಿ ತಿಳಿಸದಿದ್ದುದು ಕಂಪನಿಗೆ ಮುಳುವಾಯಿತು. ಅದೇ ತಿಂಗಳು ಪರವಾನಗಿ ಅಮಾನತಾಯಿತು, 2024ರಲ್ಲಿ ದಂಡಗಳು ಬಿದ್ದವು, ಆ ವರ್ಷದ ಡಿಸೆಂಬರ್‌ನಲ್ಲಿ ಮಾತೃಸಂಸ್ಥೆ ಜನರಲ್ ಮೋಟಾರ್ಸ್ ಈ ಟ್ಯಾಕ್ಸಿ ಉದ್ಯಮಕ್ಕೆ ಹಣ ಹೂಡುವುದನ್ನೇ ನಿಲ್ಲಿಸಿತು.

ಬೇರೆಡೆಯ ಏರ್ಪಾಡು

ಬ್ರಿಟನ್ 2018ರ ಕಾಯಿದೆಯೊಂದರ ಮೂಲಕ ಇದಕ್ಕೆ ವ್ಯಾಪಾರಸ್ಥರಿಗೆ ಒಪ್ಪುವಂತಹ ಪರಿಹಾರ ಕಂಡುಕೊಂಡಿದೆ. ವಾಹನವು ತಾನೇ ಚಾಲನೆ ಮಾಡುತ್ತಿದ್ದಾಗ ಅಪಘಾತವಾದರೆ ವಿಮಾ ಕಂಪನಿ ಮೊದಲು ಸಂತ್ರಸ್ತನಿಗೆ ಹಣ ಕೊಡಬೇಕು. ನಂತರ ತಯಾರಕ ಅಥವಾ ಬೇರೆ ಹೊಣೆಗಾರನಿಂದ ಅದನ್ನು ವಸೂಲು ಮಾಡಿಕೊಳ್ಳಬಹುದು. 2024ರ ಮೇ ತಿಂಗಳಲ್ಲಿ ಅಲ್ಲಿ ಅಂಗೀಕಾರವಾದ ಸ್ವಯಂಚಾಲಿತ ವಾಹನಗಳ ಕಾಯಿದೆಯು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪ್ರತಿ ಸ್ವಯಂಚಾಲಿತ ವಾಹನಕ್ಕೂ ಅದರ ಚಾಲನೆಗೆ ಉತ್ತರದಾಯಿಯಾದ, ಅಧಿಕೃತವಾಗಿ ಹೆಸರಿಸಿದ ಒಂದು ಸಂಸ್ಥೆ ಇರಬೇಕೆಂದು ಹೇಳುತ್ತದೆ.

‘ಮೊದಲು ಕೊಡು, ನಂತರ ವಸೂಲು ಮಾಡು’ ಎಂಬುದು ನಮಗೂ ಹೊಸತಲ್ಲ. ಚಾಲಕನ ಪರವಾನಗಿ ಸರಿಯಿಲ್ಲದ ಪ್ರಕರಣಗಳಲ್ಲಿ ವಿಮಾ ಕಂಪನಿ ಸಂತ್ರಸ್ತನಿಗೆ ಕೊಟ್ಟು ಮಾಲೀಕನಿಂದ ವಸೂಲು ಮಾಡುವ ಪದ್ಧತಿಯನ್ನು 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿವರವಾಗಿ ಚರ್ಚಿಸಿದೆ. ಅದೇ ತತ್ತ್ವವನ್ನು ತಯಾರಕನವರೆಗೆ ವಿಸ್ತರಿಸಿದರೆ ನಮ್ಮ ಕಾನೂನಿನ ಚೌಕಟ್ಟಿನೊಳಗೇ ಕೆಲಸ ನಡೆಯುತ್ತದೆ.

ಪಾಲು ಹಂಚುವ ಕೆಲಸವೂ ಆರಂಭವಾಗಿದೆ. 2019ರಲ್ಲಿ ಫ್ಲಾರಿಡಾದಲ್ಲಿ ನಡೆದ ಒಂದು ಅಪಘಾತದ ಬಗ್ಗೆ ಮಯಾಮಿಯ ಜ್ಯೂರಿಯು 2025ರ ಆಗಸ್ಟ್‌ನಲ್ಲಿ, ಚಾಲಕನೂ ತಪ್ಪಿತಸ್ಥನೆಂದು ಒಪ್ಪಿಕೊಂಡೇ, ಟೆಸ್ಲಾ ಕಂಪನಿಯ ಪಾಲು ಶೇಕಡಾ 33 ಎಂದು ನಿಗದಿ ಮಾಡಿತು. ದಂಡರೂಪದ ಪರಿಹಾರವೂ ಸೇರಿ ಕಂಪನಿಯ ತಲೆಗೆ ಸುಮಾರು 24.3 ಕೋಟಿ ಡಾಲರ್ ಬಂದಿತು. ದೊಡ್ಡ ಕಂಪನಿಗಳ ಮೇಲೆ ಇಂತಹ ಮೊತ್ತ ಬಿದ್ದಾಗ ಅವು ತಮ್ಮ ಬಿಡಿಭಾಗ ಪೂರೈಕೆದಾರರ ಕರಾರುಪತ್ರಗಳನ್ನು ತೆರೆದು ನೋಡುವುದು ಸಹಜ. ನಮ್ಮ ಸದಸ್ಯರಿಗೆ ಈ ವಿಷಯ ತಗುಲುವುದು ಅಲ್ಲಿಯೇ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಬಿಡಿಭಾಗ ತಯಾರಕರು: ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ‘ಉತ್ಪನ್ನ ತಯಾರಕ’ ಎಂದರೆ ಪೂರ್ಣ ಉತ್ಪನ್ನ ಮಾಡುವವನು ಮಾತ್ರವಲ್ಲ, ಅದರ ಭಾಗಗಳನ್ನು ಮಾಡುವವನೂ ಹೌದು. ಮೋಟಾರು ವಾಹನ ಕಾಯಿದೆಯ ಕಲಂ 110ಎ ಪ್ರಕಾರ ಬಿಡಿಭಾಗದ ದೋಷಕ್ಕಾಗಿಯೂ ವಾಹನಗಳನ್ನು ಹಿಂದಕ್ಕೆ ಕರೆಸಲು ಸರ್ಕಾರ ಆದೇಶಿಸಬಹುದು. ಅಲ್ಲಿ ಹಾನಿಯೆಂದರೆ ಕಾರಿನ ಒಳಗಿರುವವರಿಗೆ ಆಗುವುದಷ್ಟೇ ಅಲ್ಲ, ರಸ್ತೆಯ ಇತರ ಬಳಕೆದಾರರಿಗೆ ಆಗುವುದೂ ಸೇರಿದೆ. ಸೆನ್ಸರಿನ ಹಿಡಿಕೆ, ಬ್ರೇಕಿನ ಭಾಗ, ವೈರಿಂಗ್ ಜೋಡಣೆ ಯಾವುದೇ ಇರಲಿ, ಬ್ಯಾಚ್ ಸಂಖ್ಯೆ, ಕಚ್ಚಾ ಸಾಮಗ್ರಿಯ ಮೂಲ ಮತ್ತು ಪರೀಕ್ಷಾ ವರದಿಗಳನ್ನು ವಾಹನದ ಆಯುಷ್ಯದವರೆಗೆ ಕಾದಿಡಿ.

2. ಕರಾರುಪತ್ರ: ಖರೀದಿ ಆದೇಶದ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ನಷ್ಟಭರ್ತಿಯ ಷರತ್ತು ಇದೆಯೇ ಎಂದು ನೋಡಿ. ಮಿತಿಯಿಲ್ಲದ ನಷ್ಟಭರ್ತಿಗೆ ಸಹಿ ಮಾಡಿದ ಸಣ್ಣ ಘಟಕವು ತನ್ನ ಶೆಡ್ಡಿನ ಬೆಲೆಗಿಂತ ಹೆಚ್ಚಿನ ಹೊಣೆಯನ್ನು ಒಂದೇ ಸಹಿಯಲ್ಲಿ ಹೊತ್ತುಕೊಂಡಂತೆ. ಹೊಣೆಯ ಮಿತಿಯನ್ನು ಪೂರೈಕೆಯ ಮೌಲ್ಯಕ್ಕೆ ಹೊಂದಿಸುವಂತೆ ಕೇಳಿ. ಉತ್ಪನ್ನ ಹೊಣೆಗಾರಿಕೆಯ ವಿಮೆಯ ಬಗ್ಗೆ ವಿಚಾರಿಸಿ.

3. ಲೆಕ್ಕಪತ್ರ: ಇಂತಹ ಷರತ್ತಿನಡಿ ಹಕ್ಕುಸಾಧನೆಯ ನೋಟಿಸು ಬಂದಾಗ ಲೆಕ್ಕಪತ್ರ ಮಾನದಂಡ 29ರಂತೆ ಅದನ್ನು ಪರಿಶೀಲಿಸಬೇಕು. ಹಣ ಹೊರಹೋಗುವ ಸಂಭವ ಹೆಚ್ಚಾಗಿದ್ದು ಮೊತ್ತವನ್ನು ಅಂದಾಜು ಮಾಡಬಹುದಾದರೆ ಅವಕಾಶ ಕಲ್ಪಿಸಬೇಕು. ಇಲ್ಲವಾದರೆ ಸಂಭಾವ್ಯ ಹೊಣೆಯೆಂದು ಟಿಪ್ಪಣಿಯಲ್ಲಿ ತಿಳಿಸಬೇಕು. ಪತ್ರವನ್ನು ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡರೆ ಹೊಣೆ ಕರಗುವುದಿಲ್ಲ.

4. ವಾಹನವುಳ್ಳ ವ್ಯಾಪಾರಿಗಳು: ಚಾಲಕ ಸಹಾಯಕ ವ್ಯವಸ್ಥೆಯಿರುವ ವಾಹನ ಕೊಂಡರೆ, ಅದು ಸಹಾಯಕ ಮಾತ್ರವೆಂದು ಚಾಲಕರಿಗೆ ಬರವಣಿಗೆಯಲ್ಲಿ ತಿಳಿಸಿ ಸಹಿ ಪಡೆಯಿರಿ. ಮುಂಗಾಜು ಬದಲಿಸಿದಾಗ ಅಥವಾ ಬಂಪರ್ ರಿಪೇರಿಯಾದಾಗ ಕ್ಯಾಮೆರಾ, ಸೆನ್ಸರ್‌ಗಳನ್ನು ಮತ್ತೆ ಹೊಂದಿಸಿದ ದಾಖಲೆ ಇರಲಿ. ಹಳೆಯ ವಾಹನ ಮಾರಿದರೆ ನೋಂದಣಿ ವರ್ಗಾವಣೆಯಾಗುವವರೆಗೆ ಬಿಡಬೇಡಿ. ಆರ್.ಸಿ.ಯಲ್ಲಿ ಹೆಸರಿರುವವನೇ ಮಾಲೀಕನೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಸ್ಪಷ್ಟಪಡಿಸಿದೆ.

5. ಸೈಕಲ್ ಮೇಲೆ ಕೆಲಸಗಾರರನ್ನು ಕಳುಹಿಸುವವರು: ಕೆಲಸದ ನಡುವೆ ಅಪಘಾತವಾದರೆ ಉದ್ಯೋಗದಾತನ ಹೊಣೆ ಬೇರೆಯೇ ಇದೆ. ಹಿಂದೆ ಇದು 1923ರ ಕಾಯಿದೆಯಡಿ ಇತ್ತು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಗೆ ಬಂದಿದೆ. ನಿಮ್ಮ ಹುಡುಗರ ಹೆಸರು ಹಾಜರಿ ಪುಸ್ತಕದಲ್ಲಿ, ಅನ್ವಯಿಸುವಲ್ಲಿ ಇಎಸ್‌ಐ ದಾಖಲೆಯಲ್ಲಿ ಇರಲಿ. ಸೈಕಲ್ಲಿಗೆ ಹಿಂದೆ ಮುಂದೆ ದೀಪ ಮತ್ತು ಪ್ರತಿಫಲಕ ಪಟ್ಟಿ ಹಾಕಿಸಲು ತಗಲುವ ಖರ್ಚು ಬಹಳ ಕಡಿಮೆ. ಮನುಷ್ಯನ ಕಣ್ಣಿಗೂ ಕ್ಯಾಮೆರಾದ ಕಣ್ಣಿಗೂ ಅದು ಕಾಣುತ್ತದೆ.

6. ಅಪಘಾತವಾದಲ್ಲಿ: 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳಂತೆ ಪೊಲೀಸರು 48 ಗಂಟೆಗಳಲ್ಲಿ ಮೊದಲ ಅಪಘಾತ ವರದಿಯನ್ನೂ 90 ದಿನಗಳಲ್ಲಿ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಸಲ್ಲಿಸಬೇಕು. ಪರಿಹಾರದ ಅರ್ಜಿಯನ್ನು ಆರು ತಿಂಗಳೊಳಗೆ ಹಾಕುವುದು ಕ್ಷೇಮ. ಕಾರಿನ ಮಾಹಿತಿಯನ್ನು ಅಳಿಸದೆ ಉಳಿಸಬೇಕೆಂದು ತಯಾರಕನಿಗೆ ಮೊದಲ ವಾರದಲ್ಲಿಯೇ ಬರವಣಿಗೆಯಲ್ಲಿ ತಿಳಿಸಿ.

ವಾಣಿಜ್ಯ ಸಂಘದ ಪಾತ್ರ

ಕಲಂ 2ಬಿ ಅಡಿಯಲ್ಲಿ ಮುಂದೆಂದಾದರೂ ವಿನಾಯಿತಿ ನೀಡುವ ಪ್ರಸಂಗ ಬಂದರೆ ನಮ್ಮ ಸಂಘವು ಸರ್ಕಾರದ ಮುಂದೆ ಮೂರು ಕೋರಿಕೆಗಳನ್ನು ಇಡಬೇಕೆಂದು ನನ್ನ ಸಲಹೆ. ಯಾವ ವಿನಾಯಿತಿಯೂ ಕಲಂ 146ರ ವಿಮೆಗೆ ಅನ್ವಯಿಸಬಾರದು. ಪ್ರತಿ ಚಾಲಕರಹಿತ ವಾಹನಕ್ಕೂ ಭಾರತದಲ್ಲಿ ನೋಂದಣಿಯಾದ, ಹೆಸರುಳ್ಳ ಒಂದು ಹೊಣೆಗಾರ ಸಂಸ್ಥೆ ಇರಬೇಕು. ಅಪಘಾತದ ಮಾಹಿತಿಯನ್ನು ಪೊಲೀಸರ ವಿವರವಾದ ವರದಿಯ ಜೊತೆಗೇ ನ್ಯಾಯಮಂಡಳಿಗೆ ಒಪ್ಪಿಸಬೇಕು. ಇವುಗಳಿಂದ ಉದ್ಯಮಕ್ಕೆ ಹೊರೆಯಾಗುವುದೆಂದು ಕೆಲವರು ಹೇಳಬಹುದು. ಹೊಣೆ ಎಲ್ಲಿದೆಯೆಂದು ಮೊದಲೇ ಗೊತ್ತಿರುವ ವ್ಯವಸ್ಥೆಯಲ್ಲಿ ವಿಮೆಯ ಕಂತನ್ನು ಲೆಕ್ಕ ಹಾಕಬಹುದು, ಬೆಲೆಯಲ್ಲಿ ಸೇರಿಸಬಹುದು. ಗೊತ್ತಿಲ್ಲದ ವ್ಯವಸ್ಥೆಯಲ್ಲಿ ನಷ್ಟವು ಎಲ್ಲರಿಗಿಂತ ದುರ್ಬಲನಾದವನ ಹೆಗಲಿಗೆ ಜಾರುತ್ತದೆ. ಟೆಂಪೆಯಲ್ಲಿ ಆದದ್ದು ಅದೇ. ಪೂರೈಕೆಯ ಸರಪಳಿಯಲ್ಲಿ ಆ ದುರ್ಬಲನು ಸಣ್ಣ ತಯಾರಕ, ರಸ್ತೆಯಲ್ಲಿ ಸೈಕಲ್ ಸವಾರ.

ಕಕ್ಷಿದಾರರಿಗೆ ನಾನು ಕೊಟ್ಟ ಉತ್ತರ ಇಷ್ಟು: “ಇವತ್ತಿಗೆ ನಿಮ್ಮ ಖಾತೆಗೆ. ನಾಳೆ ನೀವು ಮಾಡುವ ಬಿಡಿಭಾಗದ ಮೂಲಕ ಮತ್ತೊಮ್ಮೆ ನಿಮ್ಮ ಖಾತೆಗೆ ಬರಬಹುದು. ಆದ್ದರಿಂದ ಕಾಗದ ಪತ್ರ ಸರಿಯಾಗಿಡಿ, ಸ್ಟಿಯರಿಂಗ್ ಮೇಲೆ ಕೈಯಿಡಿ.” ಅವರು ನಕ್ಕು, ತಮ್ಮ ಘಟಕದ ಹುಡುಗರ ಸೈಕಲ್ಲುಗಳಿಗೆ ಅದೇ ವಾರ ಹಿಂಬದಿಯ ದೀಪ ಹಾಕಿಸಿದರು. ಬಿಲ್ಲನ್ನು ಯಾವ ಖಾತೆಗೆ ಬರೆಯಬೇಕೆಂದು ಕೇಳಿದಾಗ ಕಾರ್ಮಿಕ ಕಲ್ಯಾಣ ವೆಚ್ಚವೆಂದು ಬರೆಯಲು ಹೇಳಿದೆ. ಅದನ್ನು ಅನಾಮತ್ತಿನಲ್ಲಿ ಇಡುವ ಪ್ರಶ್ನೆಯೇ ಬರಲಿಲ್ಲ.